ಎಂಟು ಗೂಡುಗಳ ಕಪಾಟು

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಟೈರು ಬದಲಿಸುವ ಜಾಗದ ಪಕ್ಕದಲ್ಲಿ, ಕಳೆದ ಸಾಮಾನುಗಳ ಕಚೇರಿ. ಒಂದು ಕೌಂಟರು, ಅದರ ಹಿಂದೆ ಉದ್ದನೆಯ ಕೋಣೆ, ಕೋಣೆಯ ನಡುವೆ ಗೋಡೆಯಂತೆ ನಿಂತ ದೊಡ್ಡ ಕಪಾಟು. ಜನ ಬಸ್ಸಿನಲ್ಲಿ ಏನೇನು ಬಿಟ್ಟು ಇಳಿಯುತ್ತಾರೆಂದು ಗೊತ್ತಿಲ್ಲದವರು ಅಲ್ಲಿಗೊಮ್ಮೆ ಹೋಗಿ ನೋಡಬೇಕು. ಕೊಡೆ, ಕನ್ನಡಕ, ಟೋಪಿ, ಊಟದ ಡಬ್ಬಿ ಇದ್ದದ್ದೇ. ಊರುಗೋಲು ಬಿಟ್ಟು ನಡೆದುಹೋದವರಿದ್ದಾರೆ. ಕಟ್ಟಿಸಿಕೊಂಡ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಟ್ಟು ಮರೆತವರೂ ಇದ್ದಾರೆ. ಅವರು ಆಮೇಲೆ ಬಂದು ಕೇಳಿದ್ದು ಹಲ್ಲನ್ನಲ್ಲ, ಕರವಸ್ತ್ರವನ್ನು.

ಈ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದ್ದವನು ನಮ್ಮ ಗುಮಾಸ್ತ. ಜೊತೆಗೆ ಅರ್ಜಿಗಳಿಗೆ ಸೀಲು ಒತ್ತುವ ಕೆಲಸದವಳೊಬ್ಬಳು. ಆ ಸೀಲನ್ನು ಅವಳು ಯಾರ ಕೈಗೂ ಕೊಡದೆ, ಟೀ ಕುಡಿಯಲು ಹೋಗುವಾಗಲೂ ಚೀಲದಲ್ಲಿ ಹಾಕಿಕೊಂಡೇ ಹೋಗುತ್ತಿದ್ದುದರಿಂದ ಇಡೀ ನಿಲ್ದಾಣ ಅವಳನ್ನು ಸೀಲಮ್ಮ ಎಂದು ಕರೆಯುತ್ತಿತ್ತು.

ಸಿಕ್ಕ ಸಾಮಾನನ್ನು ತಾರೀಕಿನ ಪ್ರಕಾರ ಇಡಬೇಕೆಂಬುದು ನಿಯಮ. ಗುಮಾಸ್ತ ಹಾಗೆ ಇಡುತ್ತಿರಲಿಲ್ಲ. ಸಾಮಾನು ಎಂಥವರದ್ದೆಂದು ನೋಡಿ ಇಡುತ್ತಿದ್ದ.

ಇದಕ್ಕೆಲ್ಲ ಮೂಲ ಒಂದು ಪುಸ್ತಕ. ಅವನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಯಾರೋ ಬಸ್ಸಿನಲ್ಲಿ ಬಿಟ್ಟುಹೋದದ್ದು. ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ, ಬರೆದವರಾರೆಂದು ತಿಳಿಯುವಂತಿಲ್ಲ. ಇಟ್ಟುಕೊಳ್ಳುವ ಅವಧಿ ಮುಗಿದರೂ ಯಾರೂ ಕೇಳಿಕೊಂಡು ಬರಲಿಲ್ಲ. ಮನಸ್ಸಿನ ವೈದ್ಯನೊಬ್ಬನ ವಿಚಾರಗಳು ಅದರಲ್ಲಿದ್ದವು. ಮನುಷ್ಯರಲ್ಲಿ ಒಳಮುಖದವರು, ಹೊರಮುಖದವರು ಎಂದು ಎರಡು ಬಗೆ. ಲೋಕವನ್ನು ಕೆಲವರು ಯೋಚನೆಯಿಂದ ಹಿಡಿಯುತ್ತಾರೆ, ಕೆಲವರು ಭಾವನೆಯಿಂದ, ಕೆಲವರು ಕಣ್ಣು ಕಿವಿ ಮೂಗಿನಿಂದ, ಇನ್ನು ಕೆಲವರು ಮುಂದಾಗುವುದರ ಸುಳಿವಿನಿಂದ. ಎರಡು ನಾಲ್ಕಲಿ ಎಂಟು. ಗುಮಾಸ್ತ ಓದಿ ತಲೆಯೆತ್ತಿ ನೋಡಿದರೆ ಎದುರಿಗೆ ಕಪಾಟು, ಅದರಲ್ಲಿ ಸರಿಯಾಗಿ ಎಂಟು ಗೂಡು. ಅಲ್ಲಿಗೆ ಅವನ ಹಣೆಬರಹ ತೀರ್ಮಾನವಾಯಿತು.

ಹೆಸರುಗಳನ್ನು ಅವನು ತನಗೆ ಬೇಕಾದ ಹಾಗೆ ಇಟ್ಟುಕೊಂಡ. ಸಾಮಾನಿನ ಗುರುತು ನೋಡಿ ಗೂಡು ಊಹಿಸಿ ಇಡುತ್ತಿದ್ದ, ಊಹೆ ಸರಿಯೇ ಎನ್ನುವುದಕ್ಕೆ ಕೌಂಟರಿಗೆ ಬಂದವರು ಕಳೆದದ್ದನ್ನು ಹೇಗೆ ವರ್ಣಿಸುತ್ತಾರೆಂಬುದೇ ಪರೀಕ್ಷೆ. ‘ಹದಿನಾಲ್ಕನೇ ನಂಬರ್ ಬಸ್ಸು, ಎಂಟೂ ಹತ್ತಕ್ಕೆ ಹತ್ತಿದ್ದು, ಎಡಗಡೆ ಮೂರನೇ ಸೀಟು’ ಎಂದು ಶುರುಮಾಡಿದರೆ ಅವರು ಲೆಕ್ಕದವರು. ‘ನೀಲಿ ಬಣ್ಣ, ಹಿಡಿ ಹತ್ರ ಸ್ವಲ್ಪ ಒರಟು, ಒಂಥರಾ ಸೀಮೆಎಣ್ಣೆ ವಾಸನೆ’ ಎಂದರೆ ಕಣ್ಣಿನವರು. ‘ಅದು ನಮ್ಮತ್ತೆ ಕೊಟ್ಟಿದ್ದು’ ಎಂದರೆ ಮನಸಿನವರು. ಒಂದು ಕೊಡೆ ಹೋದದ್ದಕ್ಕೆ ‘ಇನ್ನು ನೆನೀತೀನಿ, ಜ್ವರ ಬರುತ್ತೆ, ಕೆಲಸ ಹೋಗುತ್ತೆ’ ಎಂದು ಮುಂದಿನ ಹತ್ತು ವರ್ಷವನ್ನು ಅಲ್ಲೇ ಕಾಣುವವರು ಆಮೇಲಿನವರು. ಒಳಮುಖದವರದು ಮೇಲಿನ ಸಾಲು, ಹೊರಮುಖದವರದು ಕೆಳಗಿನದು. ಕೊಡೆಯ ಹಿಡಿಗೆ ತನಗೊಬ್ಬನಿಗೇ ಗೊತ್ತಾಗುವ ಹಾಗೆ ದಾರ ಸುತ್ತಿದವನು ಮೇಲೆ ಹೋಗುತ್ತಿದ್ದ, ಕೊಡೆಯ ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆಸಿದವನು ಕೆಳಗೆ.

ಅವನನ್ನು ಸುಮ್ಮನೆ ತಮಾಷೆ ಮಾಡುವ ಹಾಗೂ ಇರಲಿಲ್ಲ. ಜನ ಬಾಯಿ ತೆರೆದು ಎರಡು ಮಾತಾಡುವಷ್ಟರಲ್ಲಿ ಅವನು ನೆಟ್ಟಗೆ ಹೋಗಿ ಅವರ ಸಾಮಾನನ್ನು ತಂದುಬಿಡುತ್ತಿದ್ದ. ಚಿಕ್ಕಂದಿನಲ್ಲಿ ಗೋಡೆಯಿಂದ ಬಿದ್ದು ಬಲಗೈ ಮುರಿದುಕೊಂಡಿದ್ದವನು, ಮೇಲಿನ ಸಾಲಿಗೆ ಯಾವಾಗಲೂ ಎಡಗೈಯನ್ನೇ ಚಾಚುತ್ತಿದ್ದ. ಆದರೆ ಅವನು ಆ ಕಡೆ ಈ ಕಡೆ ಹೋದರೆ ಸೀಲಮ್ಮನ ಪಾಡು ಯಾರಿಗೂ ಬೇಡ.

“ಕೊಡೆ ಅಂದ್ರೆ ಕೊಡೆ ಸಾರ್,” ಎನ್ನುತ್ತಿದ್ದಳು ಅವಳು. “ಎಲ್ಲಾ ಕೊಡೇನೂ ಒಂದ್ಕಡೆ ಇಟ್ರೆ ನನ್ನಂಥೋರಿಗೂ ಸಿಗುತ್ತೆ.”

“ಕೊಡೆ ಒಂದೇ ಇರಬಹುದು ಕಣಮ್ಮ. ಹಿಡಿದೋರು ಬೇರೆ ಬೇರೆ.”

“ಹಿಡಿದೋರನ್ನ ಯಾರೂ ಬಸ್ಸಲ್ಲಿ ಬಿಟ್ಟು ಹೋಗಲ್ಲ ಬಿಡಿ,” ಎಂದು ಸೀಲಮ್ಮ ಮೂಗು ಮುರಿಯುತ್ತಿದ್ದಳು.

ಪುಸ್ತಕದ ಕೊನೆಯಲ್ಲಿ ನೆರಳಿನ ಬದಿಯ ಬಗ್ಗೆ ಒಂದು ಅಧ್ಯಾಯವಿತ್ತು. ಪ್ರತಿಯೊಬ್ಬರ ಒಳಗೂ ಅವರಿಗೆ ವಿರುದ್ಧವಾದ ಬಗೆಯೊಂದು ಕತ್ತಲಲ್ಲಿ ಕೂತಿರುತ್ತದೆ, ಪೆಟ್ಟು ಬಿದ್ದಾಗ ಎದ್ದು ಬರುತ್ತದೆ ಎಂದೇನೋ ಅದರಲ್ಲಿತ್ತು. ಗುಮಾಸ್ತ ಎರಡು ಪುಟ ಓದಿ ಬಿಟ್ಟಿದ್ದ. ಅದಕ್ಕೆ ಒಂಬತ್ತನೆಯ ಗೂಡು ಎಲ್ಲಿಂದ ತರುವುದು?

ಮನೆಯಲ್ಲಿ ಅವನೂ ಅವನ ಅಕ್ಕನೂ ಇಬ್ಬರೇ. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವವರು ಕೇಳಿ ಕೇಳಿ ಸುಸ್ತಾಗಿ, ಯಾವುದೋ ಕಾಲದಲ್ಲಿ ಕೇಳುವುದನ್ನೇ ಬಿಟ್ಟಿದ್ದರು. ಅಕ್ಕ ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಅವನಿಗಿಂತ ಆರು ವರ್ಷ ದೊಡ್ಡವಳು, ಮಾತು ಅಳೆದು ತೂಗಿ ಆಡುವವಳು. ಅವರಮ್ಮ ತೀರಿಕೊಂಡ ದಿನ ಮನೆಯವರೆಲ್ಲ ಗೋಳಾಡುತ್ತಿರುವಾಗ ಅವಳು ಒಂದು ಹಾಳೆಯಲ್ಲಿ ಯಾರಿಗೆ ತಿಳಿಸಬೇಕು, ಯಾವ ಕೆಲಸ ಯಾರು ಮಾಡಬೇಕು ಎಂದು ಪಟ್ಟಿ ಬರೆದಿದ್ದಳು. ಗುಮಾಸ್ತನಿಗೆ ಆ ಹಾಳೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿತ್ತು. ತನ್ನ ನೋಟುಪುಸ್ತಕದಲ್ಲಿ ಅವನು ಅಕ್ಕನನ್ನು ಲೆಕ್ಕದವರ ಗೂಡಿನಲ್ಲಿ, ಕೆಳಗಿನ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿ ‘ಅನುಮಾನವೇ ಇಲ್ಲ’ ಎಂದು ಬರೆದಿದ್ದ. ತಾನು ಮನಸಿನವನು, ಮೇಲಿನ ಸಾಲು. ಅದಕ್ಕೂ ಅನುಮಾನವಿರಲಿಲ್ಲ.

ಮೂರು ವಾರದ ಹಿಂದೆ, ಬೆಳಗಿನ ಟೀ ಕುಡಿಯುವಾಗ ಅಕ್ಕ ಹೇಳಿದ್ದಳು.

“ನನ್ನ ಜೊತೆ ಸ್ಕೂಲಲ್ಲಿದ್ದಳಲ್ಲ, ವಿಜ್ಞಾನದ ಟೀಚರು, ಅವಳು ಕಾಗದ ಬರೆದಿದಾಳೆ. ಅವಳ ಊರಿಗೇ ಬಂದು ಅವಳ ಜೊತೇಲಿ ಇರು ಅಂತ.”

“ಹೂಂ.”

“ಅವಳದು ನೆಲದ ಮೇಲಿನ ಮನೆ. ನಮ್ಮದು ಮೂರನೇ ಮಹಡಿ, ಐವತ್ನಾಲ್ಕು ಮೆಟ್ಲು. ನನ್ನ ಮಂಡಿ ಇನ್ನೆಷ್ಟು ದಿನ ಹತ್ತುತ್ತೆ? ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀಯ. ಅಲ್ಲಿ ಡಾಕ್ಟರ ಮನೆ ಎದುರಿಗೇ ಇದೆ. ಎಲ್ಲಾ ಲೆಕ್ಕ ಹಾಕಿ ನೋಡಿದೆ. ಬರೋ ತಿಂಗಳು ಒಂದನೇ ತಾರೀಕು ಹೋಗೋದು ಸರಿ ಅನಿಸುತ್ತೆ.”

ಹೋಗಬೇಡ ಎಂಬ ಮಾತು ಗುಮಾಸ್ತನ ಬಾಯಿಯ ತುದಿಗೇ ಬಂದಿತ್ತು. ಆದರೆ ಅವನಿಗೆ ಗೊತ್ತಿತ್ತಲ್ಲ, ಲೆಕ್ಕದವರಿಗೆ ಮನಸ್ಸಿನ ಮಾತು ಹೇಳಿ ಪ್ರಯೋಜನವಿಲ್ಲ ಎಂದು! ಅವರಿಗೆ ಬೇಕಾದದ್ದು ಕಾರಣ. ಐವತ್ನಾಲ್ಕು ಮೆಟ್ಟಿಲ ಎದುರಿಗೆ ಇಡಲು ಅವನ ಹತ್ತಿರ ಒಂದೂ ಕಾರಣವಿರಲಿಲ್ಲ. “ಸರಿ,” ಎಂದ. ಅಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಗುಮಾಸ್ತನಿಗೆ ಊಟ ಸೇರುತ್ತಿರಲಿಲ್ಲ. ಅಕ್ಕ ಹೋದ ಮೇಲೆ ಸಂಜೆ ಬೀಗ ತೆಗೆದು ಒಳಗೆ ಹೋಗಿ ತಾನೇ ದೀಪ ಹಾಕಬೇಕು ಎಂಬುದನ್ನು ನೆನೆದರೇ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಐವತ್ತೇಳು ವರ್ಷದ ಗಂಡಸು ದೀಪದ ಸ್ವಿಚ್ಚಿಗೆ ಹೆದರುವುದೆಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಎಂದಿನಂತೆ ಕೆಲಸಕ್ಕೆ ಹೋಗಿ ಬರುತ್ತಿದ್ದ.

ತಿಂಗಳ ಕೊನೆಯ ವಾರ, ಮಂಗಳವಾರ ಸಂಜೆ, ಕಂಡಕ್ಟರ್ ಒಬ್ಬ ಒಂದು ಬಟ್ಟೆಯ ಚೀಲ ತಂದುಕೊಟ್ಟ. ಒಳಗೆ ಅರ್ಧ ಹೆಣೆದ ಸ್ವೆಟರು, ಬೂದಿ ಬಣ್ಣದ ಉಣ್ಣೆಯ ಉಂಡೆಗಳು, ಎರಡು ಕಡ್ಡಿ. ಬೆನ್ನು, ಎದೆ, ಎರಡು ತೋಳು ಮುಗಿದು ಬಿಡಿಬಿಡಿಯಾಗಿದ್ದವು. ಕುತ್ತಿಗೆ ಹೆಣೆದು ಎಲ್ಲವನ್ನೂ ಸೇರಿಸಿ ಹೊಲಿಯುವುದಷ್ಟೇ ಬಾಕಿ. ಗುಮಾಸ್ತ ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ ಪರೀಕ್ಷೆಗೆ ನಿಂತ.

“ಹೊಸಬರು,” ಎಂದ. “ನೋಡು, ಇಲ್ಲಿ ಬಿಚ್ಚಿ ಮತ್ತೆ ಹೆಣೆದಿದಾರೆ. ಇಲ್ಲೂ ಬಿಚ್ಚಿದಾರೆ. ಉಣ್ಣೆ ನಯ ಹೋಗೋವಷ್ಟು ಸಲ ಬಿಚ್ಚಿ ಹೆಣೆದಿದಾರೆ, ಆದ್ರೂ ಬಿಟ್ಟಿಲ್ಲ. ಯಾರ ಮೇಲೋ ಬಹಳ ಪ್ರೀತಿ.”

ಸೀಲಮ್ಮ ಎರಡು ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. “ಪ್ರೀತಿ ಇದ್ರೆ ಸಾಕಾ ಸಾರ್? ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಒಂದಿಂಚು ವ್ಯತ್ಯಾಸ ಇದೆ.”

“ಅದೇ ಗುರುತು. ಲೆಕ್ಕದವರಾಗಿದ್ರೆ ಅಳತೆಪಟ್ಟಿ ಹಿಡಿದು ಕೂರ್ತಿದ್ರು. ಇವರು ಅಳತೆಗಿಳತೆ ನೋಡೋರಲ್ಲ. ಮನಸಿನವರು. ವಯಸ್ಸಿನ ಹುಡುಗಿ, ಇಪ್ಪತ್ತು ಇಪ್ಪತ್ತೆರಡು ಇರಬಹುದು. ಯಾರಿಗೂ ಗೊತ್ತಾಗದ ಹಾಗೆ ಹೆಣೀತಿದಾಳೆ, ಒಳಮುಖ.” ಎಡಗೈ ಚಾಚಿ ಚೀಲವನ್ನು ಮೇಲಿನ ಸಾಲಿನಲ್ಲಿಟ್ಟ. ಇಡುವಾಗ ಅವನಿಗೆ, ಯಾರೋ ಕಾಣದ ಆ ಮನುಷ್ಯನ ಮೇಲೆ, ಈ ಸ್ವೆಟರು ತೊಡುವವನ ಮೇಲೆ, ಸಣ್ಣಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಯೂ ಆಯಿತು.

ಬುಧವಾರ ಬೆಳಿಗ್ಗೆ ಅಕ್ಕನ ಮುಖ ಸಪ್ಪಗಿತ್ತು. ಅವನ ಅಂಗಿಗೆ ಇಸ್ತ್ರಿ ಮಾಡುತ್ತ ಕೇಳಿದಳು.

“ನಿಮ್ಮ ಆಫೀಸಿಗೆ ಬಂದಿದ್ದೆಲ್ಲ ನೀನೇ ನೋಡ್ತೀಯಾ?”

“ಪ್ರತಿಯೊಂದೂ ನನ್ನ ಕೈ ದಾಟೇ ಹೋಗಬೇಕು.”

“ಊಟಕ್ಕೆ ಎಷ್ಟು ಗಂಟೆಗೆ ಹೊರಗೆ ಹೋಗ್ತೀಯ?”

“ಒಂದೂವರೆಗೆ. ಯಾಕೆ?”

“ಸುಮ್ನೆ.”

ಊರಿಗೆ ಹೋಗುವ ಮುಂಚೆ ಅಕ್ಕ ನನ್ನ ದಿನಚರಿಯನ್ನೂ ವೇಳಾಪಟ್ಟಿಯ ಹಾಗೆ ಬರೆದಿಟ್ಟುಕೊಳ್ಳುತ್ತಿದ್ದಾಳೇನೋ ಎಂದುಕೊಂಡ ಗುಮಾಸ್ತ. ಅಕ್ಕ ಅಂಗಿಯ ಬಲಗೈಯ ತುದಿಯನ್ನು ಇನ್ನೊಮ್ಮೆ ಒತ್ತಿ ಕೊಟ್ಟಳು. ಅವನು ತೊಟ್ಟುಕೊಂಡು ಹೊರಟ.

ಗುರುವಾರ ಒಂದೂವರೆ ಗಂಟೆಗೆ ಅವನು ಊಟಕ್ಕೆ ಹೊರಗೆ ಹೋಗಲಿಲ್ಲ. ಹಸಿವಿದ್ದರಲ್ಲವೇ? ಕಪಾಟಿನ ಹಿಂದೆ, ಯಾರದೋ ದೊಡ್ಡ ಸೂಟ್‌ಕೇಸಿನ ಮೇಲೆ ಕೂತು, ಡಬ್ಬಿಯ ಮುಚ್ಚಳವನ್ನು ಅರ್ಧ ತೆಗೆದು ಹಾಗೇ ಇದ್ದ. ಕೌಂಟರಿನ ಹತ್ತಿರ ಯಾರೋ ಬಂದ ಸದ್ದಾಯಿತು.

“ಅವರು ಊಟಕ್ಕೆ ಹೋಗಿದಾರಲ್ವಾ?” ಎಂದಿತು ಒಂದು ದನಿ.

ಅಕ್ಕನ ದನಿ. ಗುಮಾಸ್ತ ಮುಚ್ಚಳ ಹಿಡಿದವನು ಹಿಡಿದಂತೆಯೇ ಕೂತ.

“ಹೋಗಿರಬೇಕು, ಹೊತ್ತಾಯ್ತಲ್ಲ,” ಎಂದಳು ಸೀಲಮ್ಮ. ಅವಳು ಅಕ್ಕನನ್ನು ಎಂದೂ ನೋಡಿದವಳಲ್ಲ. “ಏನು ಕಳೀತು ಮೇಡಂ? ಯಾವ ಬಸ್ಸು?”

ಈಗ ಬಸ್ಸಿನ ನಂಬರು, ಹತ್ತಿದ ಹೊತ್ತು, ಸೀಟು ಎಲ್ಲ ಬರುತ್ತದೆ ಎಂದುಕೊಂಡ ಗುಮಾಸ್ತ. ಅಷ್ಟು ದುಃಖದಲ್ಲೂ ಅವನಿಗೆ ತನ್ನ ಸಿದ್ಧಾಂತದ ಪರೀಕ್ಷೆ ನೋಡುವ ಚಪಲ.

“ಬಸ್ಸು... ಹದಿನಾಲ್ಕು ಇರಬೇಕು. ನಲವತ್ತೊಂದೂ ಇರಬಹುದು. ನನಗೆ ಸರಿಯಾಗಿ ನೆನಪಿಲ್ಲ ಕಣಮ್ಮ.”

ಅಕ್ಕನಿಗೆ ನಂಬರು ಮರೆಯುವುದೇ? ಗುಮಾಸ್ತ ಕಿವಿ ನಿಮಿರಿಸಿದ.

“ಯಾವತ್ತು ಕಳೀತು?”

“ಸೋಮವಾರವೋ, ಮಂಗಳವಾರವೋ. ಅದು ನನ್ನ ತಮ್ಮನದು. ಅಂದ್ರೆ, ಅವನಿಗೋಸ್ಕರ ಮಾಡ್ತಿದ್ದೆ. ಮಾರ್ಕೆಟ್ಟಿನಲ್ಲಿ ಉಣ್ಣೆ ಅಂಗಡಿಯವಳು ದಿನಾ ಮಧ್ಯಾಹ್ನ ಹೇಳಿಕೊಡ್ತಿದ್ಲು. ಈ ವಯಸ್ಸಲ್ಲಿ ಕೈ ಮಾತು ಕೇಳಲ್ಲ, ನೂರು ಸಲ ಬಿಚ್ಚಿದೀನಿ. ಅವನು ಹೋದ ವರ್ಷ ಚಳೀಲಿ ಬಹಳ ಕೆಮ್ಮಿದ.”

ಸೀಲಮ್ಮನ ಪೆನ್ನು ನಿಂತಿತು. “ಸಾಮಾನು ಏನೂಂತ ಹೇಳಿ ಮೇಡಂ.”

“ಸ್ವೆಟರು. ಇನ್ನೂ ಮುಗಿದಿಲ್ಲ. ಬಣ್ಣ ಬೂದಿ ಥರ. ಒಂದು ಗುರುತಿದೆ. ಬಲಗಡೆ ತೋಳು ಎಡಗಡೆಗಿಂತ ಒಂದಿಂಚು ಗಿಡ್ಡ. ತಪ್ಪಿ ಹಾಗಾಗಿದ್ದಲ್ಲ. ಅವನ ಅಳತೆಯೇ ಹಾಗೆ.”

ಕಪಾಟಿನ ಹಿಂದೆ ಗುಮಾಸ್ತ ತನ್ನ ಬಲಗೈ ನೋಡಿಕೊಂಡ. ಅಂಗಿಯ ತುದಿ ಮಣಿಕಟ್ಟಿನ ಮೇಲೆ ಸರಿಯಾಗಿ ಕೂತಿತ್ತು. ಯಾವಾಗಲೂ ಸರಿಯಾಗಿಯೇ ಕೂರುತ್ತಿತ್ತು. ಅಂಗಡಿಯ ಅಂಗಿಗಳಿಗೆ ತನ್ನ ಕೈಯ ಉದ್ದ ಹೇಗೆ ಗೊತ್ತು ಎಂದು ಅವನು ಐವತ್ತು ವರ್ಷದಲ್ಲಿ ಒಂದು ಸಲವೂ ಕೇಳಿಕೊಂಡಿರಲಿಲ್ಲ. ತುದಿಯನ್ನು ತಿರುವಿ ನೋಡಿದ. ಒಳಗೆ ಒಂದಿಂಚಿನ ಮಡಿಕೆ, ಅದರ ಮೇಲೆ ಒತ್ತಾದ ಸಣ್ಣ ಹೊಲಿಗೆ.

“ಚಿಕ್ಕವನಿದ್ದಾಗ ಬಿದ್ದು ಕೈ ಮುರ್ಕೊಂಡ,” ಎನ್ನುತ್ತಿದ್ದಳು ಅಕ್ಕ. “ನಾನೇ ಎತ್ಕೊಂಡು ಆಸ್ಪತ್ರೆಗೆ ಓಡಿದ್ದೆ. ಮೂಳೆ ಕೂಡ್ತು, ಆದ್ರೆ ಆ ಕೈ ಇನ್ನೊಂದು ಕೈಯಷ್ಟು ಬೆಳೀಲಿಲ್ಲ. ಅವನು ಅದನ್ನ ಮರೆತೇಬಿಟ್ಟಿದಾನೆ. ನಾನು ಈಗ ಬೇರೆ ಊರಿಗೆ ಹೋಗ್ತಿದೀನಿ. ಅಂಗಿ ತೋಳಾದ್ರೆ ಟೈಲರು ಮಡಿಸಿ ಹೊಲೀತಾನೆ. ಅಂಗಡಿ ಸ್ವೆಟರಿನ ತೋಳು ಯಾರು ಸರಿಮಾಡ್ತಾರೆ ಹೇಳು. ಅದಕ್ಕೇ, ಹೋಗೋದ್ರೊಳಗೆ ಇದೊಂದು ಮುಗಿಸಿ ಇಟ್ಟು ಹೋಗೋಣ ಅಂತ.”

“ಇಷ್ಟು ಯೋಚನೆ ಮಾಡೋರು ಹೋಗೋದಾದ್ರೂ ಯಾಕೆ ಮೇಡಂ?”

“ಹೋಗ್ತೀನಿ ಅಂದೆ. ಸರಿ ಅಂದ. ಅವನು ಮೊದಲಿಂದಲೂ ಹಾಗೇನೇ, ಎಲ್ಲ ಗೂಡಿಗೆ ಗೂಡು ಸರಿಯಾಗಿದ್ರೆ ಆಯ್ತು. ಲೆಕ್ಕದ ಮನುಷ್ಯ. ಇರು ಅನ್ನೋದಕ್ಕೆ ಅವನಿಗೆ ಕಾರಣ ಸಿಗಲಿಲ್ಲ ಅನಿಸುತ್ತೆ.”

ಆ ಮಾತಿನಿಂದ ಗುಮಾಸ್ತನಿಗೆ ಕೆನ್ನೆಗೆ ಹೊಡೆದಂತಾಯಿತು. ತಾನು ಲೆಕ್ಕದ ಮನುಷ್ಯನೇ? ಎದ್ದು ನಿಂತ. ಎದುರಿಗೆ ಎಂಟು ಗೂಡುಗಳೂ ತುಂಬಿಕೊಂಡು ನಿಂತಿದ್ದವು. ಪೆಟ್ಟು ಬಿದ್ದಾಗ ಎದ್ದು ಬರುವ ಬದಿಯೆಂದು ಪುಸ್ತಕದಲ್ಲಿ ಓದಿ ಬಿಟ್ಟದ್ದು ಈಗ ನೆನಪಾಯಿತು. ಈ ಕೌಂಟರಿಗೆ ಬರುವವರೆಲ್ಲ ಪೆಟ್ಟು ತಿಂದೇ ಬರುವವರು. ನಂಬರು ನಂಬರಾಗಿ ಹೇಳಿದವರು ಮನೆಯಲ್ಲಿ ಹಾಡಿಕೊಂಡು ಓಡಾಡುವವರೇ ಇರಬಹುದು, ಯಾರಿಗೆ ಗೊತ್ತು. ಇಪ್ಪತ್ತೆರಡು ವರ್ಷ ಅವನು ಜನರನ್ನು ನೋಡಿದ್ದು ಏನನ್ನಾದರೂ ಕಳೆದುಕೊಂಡ ಗಳಿಗೆಯಲ್ಲಿ ಮಾತ್ರ. ಅಕ್ಕನನ್ನು ಪಟ್ಟಿ ಬರೆಯುವಾಗ ನೋಡಿದ್ದೂ ಅಂಥದೇ ದಿನ. ಅಮ್ಮ ಹೋದ ದಿನ.

ಎಡಗೈ ಚಾಚಿ ಚೀಲವನ್ನು ಇಳಿಸಿದ. ಹುಡುಕಲೆಂದು ಹಿಂದೆ ಬಂದ ಸೀಲಮ್ಮ, ಅವನು ಬೂದಿ ಬಣ್ಣದ ಗಿಡ್ಡ ತೋಳನ್ನು ತನ್ನ ಬಲಗೈಗೆ ಹಿಡಿದು ನಿಂತದ್ದನ್ನು ನೋಡಿದಳು. ತೋಳು ಮಣಿಕಟ್ಟಿಗೆ ಸರಿಯಾಗಿ ಮುಟ್ಟಿತ್ತು. ಇಪ್ಪತ್ತೆರಡರ ಹುಡುಗಿ ಇವರೇನಾ ಎಂದು ಕೇಳುವ ಅವಕಾಶ ಅವಳಿಗಿತ್ತು. ಕೇಳಲಿಲ್ಲ. ಅವಳ ಬಗ್ಗೆ ನಾವು ಏನೇ ಹೇಳಲಿ, ಆ ದೊಡ್ಡತನವನ್ನು ಮರೆಯಬಾರದು. ತನ್ನ ಚೀಲದಿಂದ ಸೀಲು ತೆಗೆದು ಅವನ ಕೈಗಿಟ್ಟು, “ನಾನು ಟೀ ಕುಡಿದು ಬರ್ತೀನಿ ಸಾರ್,” ಎಂದು ಹಿಂದಿನ ಬಾಗಿಲಿನಿಂದ ಹೋದಳು.

ಗುಮಾಸ್ತ ಕೌಂಟರಿಗೆ ಬಂದ. ಅಕ್ಕ ಅವನನ್ನು ನೋಡಿದಳು, ಅವನ ಕೈಯಲ್ಲಿದ್ದುದನ್ನು ನೋಡಿದಳು, ಮುಖ ಕೆಂಪಾಯಿತು.

“ಊಟಕ್ಕೆ ಹೋಗ್ತೀನಿ ಅಂದಿದ್ಯಲ್ಲ.”

“ಹೋಗಲಿಲ್ಲ.”

“ಎಲ್ಲ ಕೇಳಿಸ್ತಾ?”

“ಕೇಳಿಸ್ತು.” ಅವನು ಸ್ವೆಟರನ್ನು ಕೌಂಟರಿನ ಮೇಲಿಟ್ಟ. ಶುರುಮಾಡಿದ. “ಅಕ್ಕ, ಕೆಳಗಡೆ ಮನೆಯವರು ಬರೋ ತಿಂಗಳು ಖಾಲಿ ಮಾಡ್ತಾರಂತೆ. ನಾವೇ ಅಲ್ಲಿಗೆ ಹೋದ್ರೆ ಮೆಟ್ಲು ಇರಲ್ಲ. ಡಾಕ್ಟರು ಎರಡನೇ ಬೀದೀಲೇ ಇದಾರೆ. ಇನ್ನು ನಾನು ಮಧ್ಯಾಹ್ನ—”

“ಅದೆಲ್ಲ ನಾನೂ ಯೋಚನೆ ಮಾಡಿದೀನಿ,” ಎಂದಳು ಅಕ್ಕ. “ಕಾರಣ ಬೇಕಾಗಿಲ್ಲ ನನಗೆ. ಬೇರೆ ಏನಾದ್ರೂ ಇದ್ರೆ ಹೇಳು.”

ಸಾವಿರಾರು ಜನ ಈ ಕೌಂಟರಿನ ಆಚೆ ನಿಂತು ಕಳೆದದ್ದನ್ನು ವರ್ಣಿಸಿದ್ದರು. ತೊದಲಿದವರಿದ್ದರು, ಅತ್ತವರಿದ್ದರು. ಗುಮಾಸ್ತ ಅವರನ್ನೆಲ್ಲ ನೋಡಿ ಒಳಗೊಳಗೇ ಗೂಡು ಹಂಚಿದ್ದ. ಈಗ ಮಾತಾಡಬೇಕಾದವನು ಅವನು. ಅವನು ಕೌಂಟರಿನ ಪಕ್ಕದ ಹಲಗೆ ಎತ್ತಿ, ದಾಟಿ, ಅಕ್ಕನ ಪಕ್ಕಕ್ಕೆ ಬಂದು ನಿಂತ.

“ಹೋಗಬೇಡ ಅಕ್ಕ,” ಎಂದ. “ಸಂಜೆ ಮನೆಗೆ ಬಂದು ನಾನೇ ದೀಪ ಹಾಕೋದು ಅಂದ್ರೆ ನನಗೆ ಭಯ ಆಗುತ್ತೆ. ನೀನಿಲ್ದೆ ನನಗೆ ಇರಕ್ಕಾಗಲ್ಲ. ಅವತ್ತೇ ಹೇಳಬೇಕಿತ್ತು. ಗೊತ್ತಾಗಲಿಲ್ಲ.”

ಅಕ್ಕ ಅವನ ಬಲಗೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಅವನು ನೋಡಿದ್ದು ಅದೇ ಮೊದಲು. ಅವಳೇನೂ ಅದನ್ನು ಮುಚ್ಚಿಕೊಳ್ಳಲಿಲ್ಲ. ಆಮೇಲೆ ಕೈಬಿಟ್ಟು, ಮೂಗೊರೆಸಿಕೊಂಡು, ಅರ್ಜಿಗೆ ಸಹಿ ಹಾಕಿದಳು. ಅವನು ಸೀಲು ಒತ್ತಿದ. ಅಭ್ಯಾಸವಿಲ್ಲದ್ದರಿಂದ ತಲೆಕೆಳಗಾಗಿ ಬಿತ್ತು.

ಅಕ್ಕ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತು, ಸ್ವೆಟರನ್ನು ತೊಡೆಯ ಮೇಲೆ ಹರಡಿ ನೋಡಿದಳು. ಎದೆಯ ಕೊನೆಯ ಸಾಲುಗಳ ಮೇಲೆ ಬೆರಳಾಡಿಸಿದಳು.

“ಇದ್ಯಾಕೋ ಸರಿಯಾಗಿಲ್ಲ,” ಎಂದಳು. “ಒಂದನೇ ತಾರೀಕಿನೊಳಗೆ ಮುಗಿಸಬೇಕು ಅಂತ ಓಡಿಸಿಬಿಟ್ಟಿದೀನಿ.”

ಕಡ್ಡಿ ಎಳೆದು ಪಕ್ಕಕ್ಕಿಟ್ಟಳು. ಉಣ್ಣೆಯ ಎಳೆಯನ್ನು ಹಿಡಿದು, ಒಂದೊಂದೇ ಸಾಲು ಬಿಚ್ಚತೊಡಗಿದಳು.

“ಇನ್ನೇನು ಅವಸರ ಇಲ್ಲವಲ್ಲ.”